ನಾಲ್ಕು ಮೂಲೆಗೆ ಅರಿಶಿನ

ಮಕ್ಕಳೇ,

ನಾನು ಅಮೇರಿಕದಿಂದ ಬಂದ ದಿನದಿಂದ ನೀವಿಬ್ಬರೂ ನನ್ನನ್ನು ಬಿಡದೆ ಕೇಳುತ್ತಿದ್ದೀರಿ. ಸಿನಿಮಾದವರ ಊರು ಹೇಗಿತ್ತು, ಸಮುದ್ರ ಎಷ್ಟು ದೊಡ್ಡದಿತ್ತು, ಕೈಯಲ್ಲಿ ಊಟ ಮಾಡಿದರೆ ಅಲ್ಲಿನವರು ನಗಲಿಲ್ಲವೇ ಎಂದು. ನಾನು ಪ್ರತಿ ಸಲವೂ "ಚೆನ್ನಾಗಿತ್ತು" ಎಂದಷ್ಟೇ ಹೇಳಿ ಒಳಗೆ ಹೋಗುತ್ತೇನೆ. ಮೊನ್ನೆ ಚಿನ್ಮಯಿ ತನ್ನ ತಮ್ಮನಿಗೆ, "ಅಜ್ಜಿ ಅಲ್ಲಿ ಏನೋ ಕದ್ದು ಸಿಕ್ಕಿಹಾಕ್ಕೊಂಡಿರ್ಬೇಕು ಕಣೋ" ಎಂದು ಹೇಳಿ ನಗುತ್ತಿದ್ದದ್ದು ಅಡುಗೆಮನೆಗೆ ಕೇಳಿಸಿತು. ಕದಿಯಲಿಲ್ಲ ಮಗಳೇ. ಆದರೆ ನಿನ್ನ ಊಹೆ ತೀರ ತಪ್ಪೂ ಅಲ್ಲ. ಬಾಯಲ್ಲಿ ಹೇಳುವ ಧೈರ್ಯ ನನಗಿಲ್ಲ. ಊರ ಶಾಲೆಯಲ್ಲಿ ಏಳನೆಯ ತರಗತಿವರೆಗೆ ಕಲಿತ ಅಕ್ಷರ ಇದೆ. ಅದರಲ್ಲೇ ಬರೆಯುತ್ತೇನೆ. ನಾನು ಎದುರಿಗಿಲ್ಲದಾಗ ಓದಿಕೊಳ್ಳಿ.

ಟೊರೆನ್ಸ್

ನಾನು ಹೋದದ್ದು ನಿಮ್ಮ ತಾತನ ತಂಗಿ ಶಾರದೆಯ ಮನೆಗೆ. ಲಾಸ್ ಏಂಜಲೀಸಿಗೆ ಸೇರಿದಂತೆಯೇ ಇರುವ ಟೊರೆನ್ಸ್ ಎಂಬಲ್ಲಿ ಅವಳು ಆಸ್ಪತ್ರೆಯ ನರ್ಸಾಗಿ ದುಡಿದು ಈಗ ನಿವೃತ್ತಳಾಗಿದ್ದಾಳೆ. ಕೊರೋನಾ ಮುಗಿದು ವಿಮಾನಗಳು ಮೊದಲಿನಂತೆ ಹಾರತೊಡಗಿದ ಮೇಲೆ ಅವಳಿಗೆ ಮಂಡಿಯ ಆಪರೇಷನ್ ಆಯಿತು. ಅದೇ ಹೊತ್ತಿಗೆ ಅವಳ ಗಂಡ ಕಾಯಿಲೆಯ ಅಣ್ಣನನ್ನು ನೋಡಿಕೊಳ್ಳಲು ಮೈಸೂರಿಗೆ ಬರಬೇಕಾಯಿತು. "ಅತ್ತಿಗೆ, ಟಿಕೆಟ್ ಕಳಿಸ್ತೀನಿ, ನೀವು ಬನ್ನಿ. ನಾಲ್ಕು ದಿನ ನನಗೂ ಜೊತೆ ಆಗುತ್ತೆ" ಎಂದು ಫೋನ್ ಮಾಡಿದಳು. ನಿಮ್ಮಮ್ಮ ನನ್ನನ್ನು ಕೇಳುವ ಮೊದಲೇ ಹೂಂ ಅಂದುಬಿಟ್ಟಿದ್ದಳು.

ಶಾರದೆಯ ಬೀದಿಯಲ್ಲಿ ಮನೆಗಳಿವೆ, ಮನುಷ್ಯರಿಲ್ಲ. ಬೆಳಿಗ್ಗೆ ಗ್ಯಾರೇಜಿನ ಬಾಗಿಲು ತಾನಾಗಿ ಮೇಲೆದ್ದು ಒಂದು ಕಾರನ್ನು ಹೊರಗೆ ಬಿಡುತ್ತದೆ, ಮತ್ತೆ ಮುಚ್ಚಿಕೊಳ್ಳುತ್ತದೆ. ಜಗಲಿ ಇಲ್ಲ, ಕಟ್ಟೆ ಇಲ್ಲ. ಯಾರಾದರೂ ನಾಯಿ ಹಿಡಿದುಕೊಂಡು ಬಂದರೆ ಗುರುತಿಲ್ಲದ ನನ್ನನ್ನು ನೋಡಿ ನಕ್ಕು ಹೋಗುತ್ತಾರೆ. ನಮ್ಮ ಕಡೆ ಗುರುತಿಲ್ಲದವರನ್ನು ನೋಡಿದರೆ ಯಾರ ಮನೆಯವಳು ಎಂದು ಕೇಳುತ್ತಾರೆ, ನಗುವುದಿಲ್ಲ. ಇವರು ನಗುತ್ತಾರೆ, ಕೇಳುವುದಿಲ್ಲ. ಎರಡರಲ್ಲಿ ಯಾವುದು ವಾಸಿ ಎಂದು ನನಗೆ ಇನ್ನೂ ಗೊತ್ತಾಗಿಲ್ಲ.

ಹೋದ ಹೊಸತರಲ್ಲೇ ಒಂದು ಎಡವಟ್ಟು ಮಾಡಿದೆ. ಎದುರು ಮನೆಯ ನಿಂಬೆ ಮರದಿಂದ ಹಣ್ಣುಗಳು ಬೀದಿಗೆ ಬಿದ್ದು ಉರುಳುತ್ತಿದ್ದವು. ಅಷ್ಟು ಹಣ್ಣು ಕಾಲ ಕೆಳಗೆ ಸಿಗುವುದನ್ನು ನೋಡಿ ತಡೆಯಲಾಗದೆ ಸೆರಗು ತುಂಬ ಆರಿಸಿಕೊಂಡು ಬಂದೆ.

"ಅಯ್ಯೋ ಅತ್ತಿಗೆ, ಅದು ಅವರ ಮರ! ಕೇಳ್ದೆ ತೊಗೊಂಡ್ ಬಂದ್ರಾ?" ಎಂದು ಶಾರದೆ ಹಣೆ ಚಚ್ಚಿಕೊಂಡಳು.

"ನೆಲದ ಮೇಲೆ ಬಿದ್ದಿತ್ತು ಕಣೇ."

"ನೆಲಾನೂ ಅವರದ್ದೇ."

ನನ್ನನ್ನು ಕರೆದುಕೊಂಡು ಹೋಗಿ ಆ ಮನೆಯ ಗಂಟೆ ಒತ್ತಿದಳು. ಕೋಲು ಹಿಡಿದ, ಬೆಳ್ಳಗಿನ ಕೂದಲಿನ ಮುದುಕಿ ಬಾಗಿಲು ತೆಗೆದರು. ತೊಂಬತ್ತರ ಹತ್ತಿರದ ವಯಸ್ಸು. ಹೆಸರು ಡೊರತಿ. ನನ್ನ ಸೆರಗನ್ನು ನೋಡಿ, ಶಾರದೆ ಹೇಳಿದ್ದನ್ನೆಲ್ಲ ಕೇಳಿ, ಅವರು ನಕ್ಕ ನಗೆ ಬೀದಿಗೆಲ್ಲ ಕೇಳಿಸಿತು. ಇನ್ನೊಂದು ಚೀಲ ಹಣ್ಣು ತಂದು ಕೈಗೆ ಕೊಟ್ಟರು. ನಾನು ಉಪ್ಪಿನಕಾಯಿ ಹಾಕಿ ಒಂದು ಸೀಸೆ ಅವರಿಗೆ ಕೊಟ್ಟೆ. ಒಂದು ಹೋಳು ತಿಂದು ಕಣ್ಣಲ್ಲಿ ನೀರು ಬಂದರೂ "ಗುಡ್, ಗುಡ್" ಎಂದರು. ಹೀಗೆ ಡೊರತಿಯವರು ನನ್ನ ಸ್ನೇಹಿತೆಯಾದರು. ನನಗೆ ಇಂಗ್ಲಿಷ್ ಬಾರದು, ಅವರಿಗೆ ಕನ್ನಡ ಬಾರದು. ಸಂಜೆಯಾದರೆ ಅವರ ಬಾಗಿಲ ಮುಂದಿನ ಕುರ್ಚಿಯಲ್ಲಿ ಇಬ್ಬರೂ ಸುಮ್ಮನೆ ಕೂರುತ್ತಿದ್ದೆವು.

ಊಟದ ಮೇಜು

ಒಂದು ದಿನ ಡೊರತಿಯವರು ಟೋಪಿ ಇಡುವ ದುಂಡನೆಯ ಹಳೆಯ ರಟ್ಟಿನ ಡಬ್ಬಿಯೊಂದನ್ನು ಎದೆಗೆ ಅವಚಿಕೊಂಡು ಶಾರದೆಯ ಮನೆಗೆ ಬಂದರು. ಅದರಲ್ಲಿ ಅವರ ಅಜ್ಜಿಯ ಕಾಗದಗಳಿದ್ದವು. ಅಜ್ಜಿ ದಕ್ಷಿಣಕ್ಕಿರುವ ಸ್ಯಾನ್ ಡಿಯಾಗೊ ಊರಿನವರು. ಆ ಊರಿನ ಒಂದು ಸಣ್ಣ ಮ್ಯೂಸಿಯಮ್ಮಿನಲ್ಲಿ ಹಳೆಯ ಕಾಲದ ಹೆಂಗಸರ ಕಾಗದಗಳ ಪ್ರದರ್ಶನ ಮಾಡುತ್ತಿದ್ದರು. ತಾವು ಬದುಕಿರುವಾಗಲೇ ಅಜ್ಜಿಯ ಕಾಗದಗಳು ಅಜ್ಜಿಯ ಊರಿನಲ್ಲಿ ನಾಲ್ಕು ಜನರ ಕಣ್ಣಿಗೆ ಬೀಳಬೇಕೆಂದು ಡೊರತಿಯವರ ಆಸೆ. ಕಾರು ಓಡಿಸುವುದನ್ನು ಅವರು ಬಿಟ್ಟಿದ್ದರು. ಶಾರದೆ ಕರೆದುಕೊಂಡು ಹೋಗುವುದೆಂದೂ, ಅಷ್ಟರೊಳಗೆ ಒಂದೊಂದು ಕಾಗದವನ್ನೂ ಪಾರದರ್ಶಕ ಕವರಿನೊಳಗೆ ಹಾಕಿಡುವುದೆಂದೂ ಮಾತಾಯಿತು.

ಊಟದ ಮೇಜಿನ ಮೇಲೆ ಬಿಳಿಯ ಬಟ್ಟೆ ಹಾಸಿ ಡಬ್ಬಿ ತೆರೆದರು. ಹಳೆಯ ಕಾಗದದ ವಾಸನೆ ಬಂತು. ನಮ್ಮ ದೇವರ ಗೂಡಿನ ಪಂಚಾಂಗಗಳ ವಾಸನೆಯೇ.

ಡೊರತಿಯವರು ಹೇಳುತ್ತಾ ಹೋದರು, ಶಾರದೆ ಕನ್ನಡದಲ್ಲಿ ಹೇಳಿದಳು. ನೂರು ವರ್ಷಕ್ಕೂ ಹಿಂದೆ ಆ ದೇಶದ ಹೆಚ್ಚಿನ ಕಡೆ ಹೆಂಗಸರಿಗೆ ವೋಟು ಇರಲಿಲ್ಲವಂತೆ. ಕ್ಯಾಲಿಫೋರ್ನಿಯಾದಲ್ಲಿ ಹೆಂಗಸರಿಗೆ ವೋಟು ಕೊಡಬೇಕೋ ಬೇಡವೋ ಎಂದು ಕೇಳಿದಾಗ, ಅದನ್ನು ತೀರ್ಮಾನಿಸಲು ವೋಟು ಹಾಕುವವರೂ ಗಂಡಸರೇ. ಹಾಗಾಗಿ ಹೆಂಗಸರು ಗಂಡಸರ ಕೈಗೆ ಸಿಗುವ ಎಲ್ಲದರ ಮೇಲೂ ತಮ್ಮ ಬೇಡಿಕೆ ಅಚ್ಚು ಹಾಕಿಸಿದರು. ಬೀಸಣಿಗೆಯ ಮೇಲೆ, ಶಾಯಿ ಒತ್ತುವ ಕಾಗದದ ಮೇಲೆ, ಅಂಚೆ ಕಾರ್ಡಿನ ಮೇಲೆ, ಕಿಟಕಿಗೆ ಅಂಟಿಸುವ ಹಾಳೆಯ ಮೇಲೆ. ಸ್ಪ್ಯಾನಿಷ್ ಭಾಷೆಯ ಕರಪತ್ರವೂ ಇತ್ತು. ಎದೆಗೆ ಚುಚ್ಚಿಕೊಳ್ಳುವ ಹಳದಿ ರಿಬ್ಬನ್ನು ಒಂದಿತ್ತು. ಹಳದಿ ಅವರ ಹೋರಾಟದ ಬಣ್ಣವಂತೆ.

ಒಂದು ಅಂಚೆ ಕಾರ್ಡಿನಲ್ಲಿ ಗಂಡಸೊಬ್ಬ ಸೊಂಟಕ್ಕೆ ಬಟ್ಟೆ ಕಟ್ಟಿಕೊಂಡು, ಅಳುವ ಕೂಸನ್ನು ಹೆಗಲಿಗೆ ಹಾಕಿಕೊಂಡು, ಉಕ್ಕುವ ಪಾತ್ರೆಯ ಮುಂದೆ ಒದ್ದಾಡುತ್ತಿದ್ದ. ಹೆಂಡತಿ ಟೋಪಿ ಧರಿಸಿ ಹೊರಗೆ ಹೊರಟಿದ್ದಳು. ನನಗೆ ನಗು ತಡೆಯಲಾಗಲಿಲ್ಲ. "ನಮ್ಮ ಗಿರಣಿ ತಿಮ್ಮಣ್ಣನ ಥರಾನೇ ಇದ್ದಾನಲ್ಲೇ" ಎಂದೆ. ಶಾರದೆ ಅದನ್ನು ಡೊರತಿಯವರಿಗೆ ಹೇಳಿದಳು. ಅವರು ಮೆಲ್ಲಗೆ ಏನೋ ಅಂದರು.

"ಅದು ಹೆಂಗಸರನ್ನ ಗೇಲಿ ಮಾಡೋಕೆ ಎದುರು ಪಾರ್ಟಿಯೋರು ಅಚ್ಚು ಹಾಕಿಸಿದ್ದಂತೆ ಅತ್ತಿಗೆ. ಅವರಜ್ಜಿ ಅದನ್ನೂ ಬಿಸಾಕದೆ ಇಟ್ಕೊಂಡಿದ್ರಂತೆ."

ನಕ್ಕ ಬಾಯನ್ನು ಸೆರಗಿನಿಂದ ಮುಚ್ಚಿಕೊಂಡೆ.

ಕೊನೆಗೆ ತೆಗೆದದ್ದು ಅಂಗೈಯಗಲದ ಒಂದು ಕೆನೆಬಣ್ಣದ ಕಾರ್ಡು. ಸುತ್ತ ಹೂವಿನ ಅಂಚು, ನಡುವೆ ನಾಲ್ಕೈದು ಸಾಲು. ಬರುವ ಚುನಾವಣೆಯಲ್ಲಿ ದಯವಿಟ್ಟು ನಮ್ಮ ಪರವಾಗಿ ವೋಟು ಹಾಕಿ ಎಂದು ಗಂಡಸರನ್ನು ಕೇಳಿಕೊಳ್ಳುವ ಮಾತು. ಅಜ್ಜಿ ಇಂಥ ಕಾರ್ಡುಗಳ ಕಟ್ಟು ಹಿಡಿದುಕೊಂಡು ಮನೆಮನೆಗೆ ಹೋಗುತ್ತಿದ್ದರಂತೆ. ಕೆಲವರು ತೆಗೆದುಕೊಂಡರು, ಕೆಲವರು ಮುಖದ ಮೇಲೆ ಬಾಗಿಲು ಹಾಕಿದರು. ಈ ಒಂದು ಕಾರ್ಡು ಕೊನೆಯ ಮನೆಯವನು ತೆಗೆದುಕೊಳ್ಳದೆ ಕೈಯಲ್ಲೇ ಉಳಿಯಿತು. ಗೆದ್ದು ವೋಟು ಬಂದ ಮೇಲೂ ಅಜ್ಜಿ ಅದನ್ನು ಹಾಗೇ ಇಟ್ಟುಕೊಂಡರು. ಡಬ್ಬಿಯಲ್ಲಿ ಡೊರತಿಯವರಿಗೆ ಎಲ್ಲಕ್ಕಿಂತ ಪ್ರೀತಿಯದು ಅದೇ.

ಆಮೇಲೆ ಅವರು ನನ್ನನ್ನು ಒಂದು ಪ್ರಶ್ನೆ ಕೇಳಿದರು. ನಿಮ್ಮ ಅಜ್ಜಿಯರು ಏನು ಅಚ್ಚು ಹಾಕಿಸಿದ್ದರು, ಹೇಗೆ ಕೇಳಿಕೊಂಡರು ಎಂದು.

ನನಗೆ ವೋಟು ಬಂದದ್ದು ಹೀಗೆ. ವಯಸ್ಸು ಬಂತು, ಪಟ್ಟಿಗೆ ಹೆಸರು ಸೇರಿತು. ನಿಮ್ಮ ತಾತ ಯಾವ ಗುರುತು ಹೇಳಿದರೋ ಅದರ ಮೇಲೆ ಮುದ್ರೆ ಒತ್ತಿ ಬಂದೆ. ನಮ್ಮ ಕಡೆಯೂ ಯಾರೋ ಹೆಂಗಸರು ಕೇಳಿಯೇ ಇರಬೇಕು. ಅವರು ಯಾರು ಎಂದು ನಾನು ಒಂದು ದಿನವೂ ಯೋಚಿಸಿರಲಿಲ್ಲ. "ಗೊತ್ತಿಲ್ಲ ಅಂತ ಹೇಳು" ಎಂದು ಶಾರದೆಗೆ ಹೇಳಿ ಮೇಜಿನ ಬಟ್ಟೆಯ ಅಂಚನ್ನು ನೋಡುತ್ತಾ ಕೂತೆ.

ಒಂದು ಮಧ್ಯಾಹ್ನ

ಮಾರನೆಯ ಮಧ್ಯಾಹ್ನ ಶಾರದೆ ಮಂಡಿಯ ವ್ಯಾಯಾಮಕ್ಕೆಂದು ಆಸ್ಪತ್ರೆಗೆ ಹೋದಳು. ಕಾಗದಗಳನ್ನು ಕವರಿಗೆ ಹಾಕುವ ಕೆಲಸ ನನಗೆ ಬಿಟ್ಟಿದ್ದಳು. "ನಿಮ್ಮ ಕೈ ನಯ, ನನ್ನ ಕೈಯಾದ್ರೆ ಹರಿಯುತ್ತೆ" ಎಂದು ಹೇಳಿ ಹೋಗಿದ್ದಳು. ನಾನು ಕೈ ತೊಳೆದು, ಒರೆಸಿ, ಒಂದೊಂದನ್ನೇ ಹಾಕುತ್ತಾ ಬಂದೆ. ಆ ಕಾರ್ಡು ಕೊನೆಗೆ ಉಳಿಯಿತು.

ಅದನ್ನು ಬಹಳ ಹೊತ್ತು ನೋಡಿದೆ. ಮನೆಮನೆಗೆ ಹೋಗಿ, ಬಾಗಿಲಲ್ಲಿ ನಿಂತು, ದಯವಿಟ್ಟು ಎಂದು ಕೊಡುವ ಅಚ್ಚಿನ ಕಾಗದ ನನಗೆ ಗೊತ್ತಿರುವುದು ಒಂದೇ. ಲಗ್ನಪತ್ರಿಕೆ. ಅದನ್ನು ನಾವು ಬರಿದಾಗಿ ಕೊಡುತ್ತೇವೆಯೇ? ನಾಲ್ಕು ಮೂಲೆಗೂ ಅರಿಶಿನ ಹಚ್ಚಿ ಕೊಡುತ್ತೇವೆ. ಅರಿಶಿನವಿಲ್ಲದ ಪತ್ರಿಕೆ ತಿಥಿಯ ಪತ್ರಿಕೆ. ಈ ಕಾರ್ಡು ನೂರು ವರ್ಷದಿಂದ ಬರಿದಾಗಿ, ಯಾರ ಕೈಗೂ ಸೇರದೆ ಕೂತಿದೆಯಲ್ಲ ಎನ್ನಿಸಿತು.

ನಿಮ್ಮಮ್ಮ ಲಲಿತನ ಮದುವೆ ಪತ್ರಿಕೆಗೆ ಅರಿಶಿನ ಹಚ್ಚಿದವಳು ನಾನಲ್ಲ. ನಿಮ್ಮ ತಾತ ಹೋಗಿ ಆಗಿನ್ನೂ ವರ್ಷ ತುಂಬಿರಲಿಲ್ಲ. ಗಂಡ ಸತ್ತವಳು ಅರಿಶಿನ ಕುಂಕುಮದ ಬಟ್ಟಲು ಮುಟ್ಟಬಾರದು ಎನ್ನುವುದನ್ನು ನನಗೆ ಯಾರೂ ಬಾಯಿ ಬಿಟ್ಟು ಹೇಳಬೇಕಾಗಿರಲಿಲ್ಲ. ಅಮೇರಿಕದಿಂದ ಬಂದಿದ್ದ ಶಾರದೆ ನಡುಮನೆಯಲ್ಲಿ ಕೂತು ನಾಲ್ಕು ಜನ ಮುತ್ತೈದೆಯರೊಂದಿಗೆ ಪತ್ರಿಕೆಗಳಿಗೆ ಹಚ್ಚಿದಳು. ನಾನು ಅಡುಗೆಮನೆಯಲ್ಲಿ ಚಕ್ಕುಲಿ ಕರಿಯುತ್ತಿದ್ದೆ.

ಟೊರೆನ್ಸಿನ ಆ ಮನೆಯಲ್ಲಿ ಆ ಹೊತ್ತು ಯಾರೂ ಇರಲಿಲ್ಲ.

ಉಪ್ಪಿನಕಾಯಿಗೆ ತೆಗೆದಿದ್ದ ಅರಿಶಿನದ ಡಬ್ಬಿ ಒಲೆಯ ಪಕ್ಕದಲ್ಲೇ ಇತ್ತು. ಚಿಟಿಕೆ ಪುಡಿಗೆ ಎರಡು ಹನಿ ನೀರು ಹಾಕಿ ಕಲಸಿದೆ. ಬೆರಳ ತುದಿಯಿಂದ ಒಂದು ಮೂಲೆಗೆ ಹಚ್ಚಿದೆ. ಎರಡನೆಯದಕ್ಕೆ ಹಚ್ಚಿದೆ. ಸಂತೋಷವಾಗಿತ್ತು ಮಕ್ಕಳೇ, ಸುಳ್ಳು ಹೇಳುವುದಿಲ್ಲ. ಎಷ್ಟೋ ವರ್ಷದ ಮೇಲೆ ಒಂದು ಒಳ್ಳೆಯ ಕೆಲಸಕ್ಕೆ ಕೈ ಹಾಕಿದ ಹಾಗಿತ್ತು. ನಾಲ್ಕನೆಯ ಮೂಲೆಗೆ ಹಚ್ಚಿ ಬೆರಳು ಎತ್ತಿದಾಗ ಮೊದಲ ಮೂಲೆಯ ಕಡೆ ನೋಡಿದೆ.

ಬಣ್ಣ ಹರಿಯುತ್ತಿತ್ತು. ಲಗ್ನಪತ್ರಿಕೆಯ ನುಣುಪು ಕಾಗದವಲ್ಲ ಅದು. ಬಾಯಾರಿದ ನೆಲ ನೀರು ಕುಡಿದಂತೆ ಆ ಹಳೆಯ ಕಾಗದ ಅರಿಶಿನವನ್ನು ಕುಡಿಯಿತು. ಹೂವಿನ ಅಂಚನ್ನು ದಾಟಿ ಅಕ್ಷರದವರೆಗೂ ಬಂತು. ಒದ್ದೆ ಸೆರಗಿನಿಂದ ಒತ್ತಿದೆ. ಇನ್ನೂ ಹರಡಿತು. ಆಗ ನನಗೆ ಎಚ್ಚರವಾಯಿತು. ಇದು ನನ್ನದಲ್ಲ. ಒಬ್ಬ ಮುದುಕಿ ತನ್ನ ಜೀವಮಾನವೆಲ್ಲ ಕಾಪಾಡಿದ ವಸ್ತು. ಅಷ್ಟು ಹೊತ್ತೂ ಆ ಒಂದು ವಿಷಯ ನನ್ನ ತಲೆಯಲ್ಲೇ ಇರಲಿಲ್ಲ.

ಒಣಗಿಸಿ, ಕವರಿನೊಳಗೆ ಹಾಕಿ, ಎಲ್ಲಕ್ಕಿಂತ ಕೆಳಗೆ ಇಟ್ಟು, ಡಬ್ಬಿಯ ಮುಚ್ಚಳ ಮುಚ್ಚಿದೆ. ಶಾರದೆ ಬಂದಾಗ, "ಮುಗೀತಾ ಅತ್ತಿಗೆ?" ಎಂದಳು. "ಮುಗೀತು" ಎಂದೆ. ಆ ಸಂಜೆ ಡೊರತಿಯವರ ಕುರ್ಚಿಯ ಪಕ್ಕ ಹೋಗಿ ಕೂರಲಿಲ್ಲ. ತಲೆನೋವು ಎಂದು ಹೇಳಿ ಕಳಿಸಿದೆ. ಅವರು ಕೋಲೂರಿಕೊಂಡು ಬೀದಿ ದಾಟಿ ಬಂದು ಸಾರು ಕೊಟ್ಟು ಹೋದರು.

ಸಮುದ್ರದ ಪಕ್ಕದ ಹೆದ್ದಾರಿ

ಹೊರಟ ದಿನ ಡೊರತಿಯವರು ಮುಂದಿನ ಸೀಟಿನಲ್ಲಿ ಕೂತರು. ಕಿವಿಗೆ ಮುತ್ತಿನ ಓಲೆ, ತುಟಿಗೆ ಬಣ್ಣ. ಮದುವೆಗೆ ಹೊರಟವರ ಹಾಗಿದ್ದರು. ನಾನು ಹಿಂದೆ, ನನ್ನ ಪಕ್ಕದಲ್ಲಿ ಬೆಲ್ಟು ಹಾಕಿಸಿಕೊಂಡ ಆ ಡಬ್ಬಿ. ಅಲ್ಲಿನ ರಸ್ತೆಯಲ್ಲಿ ಆರಾರು ಸಾಲು ಕಾರುಗಳು ಒಂದೇ ದಿಕ್ಕಿಗೆ ಓಡುತ್ತವೆ. ಯಾರೂ ಹಾರನ್ನು ಒತ್ತುವುದಿಲ್ಲ. ಸಮುದ್ರ ಕಾಣತೊಡಗಿದ ಮೇಲೆ ಇನ್ನು ತಡೆಯಲಾಗಲಿಲ್ಲ.

"ಶಾರದಾ, ಒಂದು ಮಾತು ಹೇಳ್ಬೇಕು."

"ಬಾತ್‌ರೂಮಾ? ಮುಂದಿನ ಎಕ್ಸಿಟ್‌ನಲ್ಲಿ ನಿಲ್ಲಿಸ್ತೀನಿ, ತಡ್ಕೊಳ್ಳಿ."

"ಅದಲ್ಲ ಕಣೇ. ಆ ಕಾರ್ಡಿಗೆ ನಾನು ಅರಿಶಿನ ಹಚ್ಚಿಬಿಟ್ಟೆ."

"ಯಾವ ಕಾರ್ಡಿಗೆ?"

"ಯಾರೂ ತೊಗೊಳ್ದೆ ಉಳೀತಲ್ಲ, ಅದಕ್ಕೆ."

ಕಾರು ಒಂದು ಚಣ ಪಕ್ಕದ ಸಾಲಿಗೆ ವಾಲಿ ಮತ್ತೆ ಸರಿಯಾಯಿತು. ಡೊರತಿಯವರು ಹಿಂತಿರುಗಿ ನನ್ನನ್ನು ನೋಡಿ ನಕ್ಕರು.

"ಅತ್ತಿಗೆ, ನಗ್ತಾ ಮಾತಾಡಿ," ಎಂದಳು ಶಾರದೆ, ತಾನೂ ಹಲ್ಲು ಬಿಟ್ಟುಕೊಂಡೇ. "ಮುಖ ಹಂಗೆ ಮಾಡ್ಕೊಂಡ್ರೆ ಅವರಿಗೆ ಗೊತ್ತಾಗುತ್ತೆ. ಎಷ್ಟು ಹಚ್ಚಿದ್ರಿ?"

"ನಾಲ್ಕು ಮೂಲೆಗೂ."

"ನಾಲ್ಕಕ್ಕೂನಾ! ಒಂದಕ್ಕೆ ಹಚ್ಚಿ ಸುಮ್ನಿರೋಕಾಗ್ಲಿಲ್ವಾ?"

"ಒಂದೇ ಮೂಲೆಗೆ ಯಾರಾದ್ರೂ ಹಚ್ತಾರೇನೆ?"

"ಯಾರಾದ್ರೂ ಮ್ಯೂಸಿಯಮ್ಮಿಗೆ ಹೋಗೋ ಕಾರ್ಡಿಗೆ ಅರಿಶಿನ ಹಚ್ತಾರಾ ಅತ್ತಿಗೆ? ನಗಿ, ನಗಿ."

ನಾನು ನಕ್ಕೆ. ಡೊರತಿಯವರು ಏನೋ ಕೇಳಿದರು, ಶಾರದೆ ಏನೋ ಹೇಳಿದಳು. ಆಮೇಲೆ ನನ್ನ ಕಡೆ ತಿರುಗದೆಯೇ, "ಸಮುದ್ರ ತುಂಬ ಚೆನ್ನಾಗಿದೆ ಅಂತ ಹೇಳ್ತಿದ್ದೀರಿ ಅಂದೆ. ಈಗ ಸಮುದ್ರ ನೋಡಿ" ಎಂದಳು. ನಾನು ಸಮುದ್ರದ ಕಡೆ ತಿರುಗಿದೆ. ಚೆನ್ನಾಗಿ ಕಾಣಲೆಂದು ಡೊರತಿಯವರು ಶಾರದೆಗೆ ಹೇಳಿ ನನ್ನ ಪಕ್ಕದ ಗಾಜು ಇಳಿಸಿದರು. ಗಾಳಿ ಕಣ್ಣಿಗೆ ಹೊಡೆಯಿತು. ಆ ಸಮುದ್ರ ಹೇಗಿತ್ತು ಎಂದು ನೀವು ಕೇಳಿದಿರಿ. ನೀಲಿಯಾಗಿತ್ತು, ಬಹಳ ದೊಡ್ಡದಿತ್ತು. ಅದಕ್ಕಿಂತ ಹೆಚ್ಚು ನನಗೆ ನೆನಪಿಲ್ಲ.

"ನೀವೇನೂ ಬಾಯಿ ಬಿಡ್ಬೇಡಿ," ಎಂದಳು ಶಾರದೆ. "ಅದೇ ಡಬ್ಬೀಲಿ ಹಳದಿ ರಿಬ್ಬನ್ ಇದೆಯಲ್ಲ, ಅದರ ಬಣ್ಣ ಬಿಟ್ಕೊಂಡಿದೆ ಅಂದ್ರಾಯ್ತು."

"ಸುಳ್ಳಲ್ವೇನೆ?"

"ಸುಳ್ಳೇ. ಈ ವಯಸ್ಸಲ್ಲಿ ಅವರ ಮನಸ್ಸು ನೋಯಿಸಿ ಯಾರಿಗೇನು ಬರ್ಬೇಕು?"

ಅವಳು ನನ್ನ ಪರವಾಗಿಯೇ ಮಾತಾಡುತ್ತಿದ್ದಳು. ಆ ಮಾತು ಕೇಳಿ ನನಗೆ ಹಗುರವಾಯಿತು. ಹಾಗೆಂದು ಬರೆಯುವುದಕ್ಕೇ ಈಗ ನಾಚಿಕೆಯಾಗುತ್ತದೆ.

ಸ್ಯಾನ್ ಡಿಯಾಗೊ

ಮ್ಯೂಸಿಯಮ್ಮು ಎಂದರೆ ದೊಡ್ಡ ಕಟ್ಟಡವಲ್ಲ. ಹಳೆಯ ಕಾಲದ ಮರದ ಮನೆ. ಮುಂದೆ ವರಾಂಡ ಇತ್ತು. ಅಮೇರಿಕಕ್ಕೆ ಹೋದ ಮೇಲೆ ಮೊದಲ ಸಲ ಕೂರಬಹುದಾದ ಕಟ್ಟೆ ಕಂಡೆ, ಆದರೆ ಕೂರುವ ಮನಸ್ಸಿರಲಿಲ್ಲ. ಪ್ರದರ್ಶನದ ಉಸ್ತುವಾರಿ ನೋಡುವ ಹುಡುಗಿಯ ಹೆಸರು ಎಲೆನಾ. ಡೊರತಿಯವರ ತೋಳು ಹಿಡಿದು ಒಳಗೆ ಕರೆದುಕೊಂಡು ಹೋಗಿ ಕುರ್ಚಿ ಕೊಟ್ಟಳು. ಗಾಜಿನ ಪೆಟ್ಟಿಗೆಯೊಂದನ್ನು ತೆರೆದಿಟ್ಟಿದ್ದಳು. ಅದರೊಳಗೆ ಬೇರೆ ಮನೆಗಳಿಂದ ಬಂದ ಕಾಗದಗಳು ಆಗಲೇ ಕೂತಿದ್ದವು. ನಡುವೆ ಅಂಗೈಯಗಲದ ಜಾಗ ಖಾಲಿ ಇತ್ತು. ಅದು ಆ ಕಾರ್ಡಿಗೇ ಎಂದು ಯಾರೂ ನನಗೆ ಹೇಳಬೇಕಾಗಿರಲಿಲ್ಲ.

ಎಲೆನಾ ಕೈ ತೊಳೆದು ಬಂದು ಒಂದೊಂದನ್ನೇ ಕವರಿನಿಂದ ಹೊರತೆಗೆದಳು. ಕೊನೆಗೆ ಕಾರ್ಡು ಬಂತು. ದೀಪದ ಕೆಳಗೆ ಹಿಡಿದು ಏನೋ ಕೇಳಿದಳು. ಡೊರತಿಯವರು ಕನ್ನಡಕ ಬದಲಿಸಿ ಬಗ್ಗಿ ನೋಡಿದರು. ಅವರ ಹುಬ್ಬು ಗಂಟಾಯಿತು. ಆಗ ಶಾರದೆ ರಿಬ್ಬನ್ನನ್ನು ತೋರಿಸಿ ಎರಡು ಮಾತು ಹೇಳಿದಳು.

ಡೊರತಿಯವರು ಅದನ್ನು ನಂಬಿದರು ಎಂದರೆ ಸಾಲದು. ಅವರ ಮುಖ ಅರಳಿತು. ಎರಡು ಕೈಯಿಂದ ಕೆನ್ನೆ ಮುಚ್ಚಿಕೊಂಡರು. ಏನೇನೋ ಹೇಳಿದರು.

"ಏನಂತೆ?" ಎಂದೆ.

ಶಾರದೆ ನನ್ನ ಮುಖ ನೋಡಲಿಲ್ಲ. "ಅವರಜ್ಜಿ ಆ ಕಾರ್ಡಿಗೆ ರಿಬ್ಬನ್ ಸುತ್ತಿ ಇಟ್ಟಿದ್ರು ಅಂತಾಯ್ತಲ್ಲ ಅಂತಿದ್ದಾರೆ. ನಾಲ್ಕು ಮೂಲೇನೂ ಸೇರಿಸಿ, ಉಡುಗೊರೆ ಕಟ್ಟಿದ ಹಾಗೆ. ಅಜ್ಜಿಗೆ ಅವಮಾನ ಆಯ್ತು ಅಂತ ಅದನ್ನ ಇಟ್ಕೊಂಡ್ರು ಅಂದ್ಕೊಂಡಿದ್ದೆ, ಅಲ್ಲ, ಪ್ರೀತಿಯಿಂದ ಇಟ್ಕೊಂಡಿದ್ರು ಅಂತ ಈಗ ಗೊತ್ತಾಯ್ತು ಅಂತಿದ್ದಾರೆ."

ಎಲೆನಾ ಹೌದಿರಬಹುದು ಎಂಬಂತೆ ತಲೆಯಾಡಿಸಿ, ಪೆನ್ಸಿಲು ತೆಗೆದು ಒಂದು ಚೀಟಿಯ ಮೇಲೆ ಬರೆಯತೊಡಗಿದಳು. "ಅದೇನು ಬರೀತಿದ್ದಾಳೆ?" ಎಂದು ಕೇಳಿದೆ. ಕಾರ್ಡಿನ ಕೆಳಗೆ ಇಡುವ ವಿವರ, ನಾಳೆ ಅಚ್ಚು ಹಾಕಿಸಿ ಇಡುತ್ತಾರೆ ಎಂದಳು ಶಾರದೆ. ರಿಬ್ಬನ್ನಿನ ವಿಷಯವೂ ಅದರಲ್ಲಿ ಬರುತ್ತದಂತೆ.

ಬಾಯಿಮಾತಾಗಿ ಮುಗಿದಿದ್ದರೆ ನಾನು ಸುಮ್ಮನಿರುತ್ತಿದ್ದೆ. ನನ್ನ ಸ್ವಭಾವ ನಿಮಗೆ ಗೊತ್ತು. ಬಸ್ಸಿನಲ್ಲಿ ಯಾರಾದರೂ ಕಾಲು ತುಳಿದರೂ ನಾನು ಬಾಯಿ ಬಿಡುವವಳಲ್ಲ. ಆದರೆ ಅದು ಅಚ್ಚಾಗುತ್ತಿತ್ತು. ಆ ಗಾಜಿನೊಳಗಿದ್ದ ಹೆಂಗಸರೆಲ್ಲ ತಮ್ಮ ಮಾತು ಯಾರೂ ಕೇಳದಿದ್ದಾಗ ಅದನ್ನು ಅಚ್ಚು ಹಾಕಿಸಿದವರು. ಅವರ ಮಧ್ಯೆ ನನ್ನ ಸುಳ್ಳು ಅಚ್ಚಾಗಿ ಕೂರುತ್ತಿತ್ತು. ನಾಳೆ ಬಂದವರು ಓದುತ್ತಾರೆ. ಅದೇ ನಿಜವಾಗುತ್ತದೆ. ಇನ್ನೊಂದು ಕಡೆ ಡೊರತಿಯವರು ಅಳುತ್ತಾ ನಗುತ್ತಿದ್ದರು. ಅವರಿಗೆ ಆ ಸಂತೋಷ ಕೊಟ್ಟದ್ದು ಸುಳ್ಳು, ಕಿತ್ತುಕೊಳ್ಳಬೇಕಾದವಳು ನಾನು.

"ಶಾರದಾ, ನಾನು ಅಂತ ಹೇಳು."

"ಸುಮ್ನಿರಿ ಅತ್ತಿಗೆ. ಮುಗೀತು."

"ಹೇಳು."

"ಅವರ ಮುಖ ನೋಡಿ ಅತ್ತಿಗೆ. ನನ್ನ ಕೈಲಾಗಲ್ಲ."

ಮೇಜಿನ ಹತ್ತಿರ ಹೋದೆ. ಶಾರದೆಯ ಅಡುಗೆಮನೆಯ ಡಬ್ಬಿಯ ಮೇಲಿನ ಅಕ್ಷರ ಕೂಡಿಸಿ ಓದಿ ಕಲಿತ ಮಾತೊಂದು ನನಗೆ ಗೊತ್ತಿತ್ತು. ಕಾರ್ಡಿನ ನಾಲ್ಕು ಮೂಲೆಗಳನ್ನೂ ಮುಟ್ಟದೆ ತೋರಿಸಿದೆ. "ನೋ ರಿಬ್ಬನ್," ಎಂದೆ. "ಟರ್ಮರಿಕ್." ಆಮೇಲೆ ನನ್ನ ಎದೆ ಮುಟ್ಟಿಕೊಂಡು, "ಮೈ ಹ್ಯಾಂಡ್" ಎಂದೆ. ಉಗುರಿನ ಸಂದಿಯಲ್ಲಿ ಇನ್ನೂ ಹಳದಿ ಉಳಿದಿದ್ದ ಬೆರಳನ್ನು ಅವರ ಮುಂದೆ ಹಿಡಿದೆ.

ಎಲೆನಾ ಕಾರ್ಡನ್ನು ಮೂಗಿನ ಹತ್ತಿರ ತಂದು ವಾಸನೆ ನೋಡಿದಳು. ಪೆನ್ಸಿಲು ಕೆಳಗಿಟ್ಟಳು.

ಡೊರತಿಯವರು ನನ್ನ ಬೆರಳನ್ನು ನೋಡಿದರು, ಶಾರದೆಯನ್ನು ನೋಡಿದರು. ಅರಳಿದ ಮುಖ ಮುದುಡುವುದನ್ನು ನಾನು ಹತ್ತಿರದಿಂದ ಕಂಡೆ. ಬೈದಿದ್ದರೆ ವಾಸಿಯಿತ್ತು. ಅವರು ಒಂದೇ ಮಾತು ಕೇಳಿದರು. ಯಾಕೆ ಎಂದು. ಅಷ್ಟು ಇಂಗ್ಲಿಷ್ ನನಗೂ ತಿಳಿಯಿತು.

ನಾನು ಕನ್ನಡದಲ್ಲಿ ಹೇಳಿದೆ. ನಮ್ಮಲ್ಲಿ ಮನೆಮನೆಗೆ ಕೊಡುವ ಪತ್ರಿಕೆಯನ್ನು ಅರಿಶಿನ ಹಚ್ಚದೆ ಕೊಡುವುದಿಲ್ಲ ಎಂದೆ. ಇದು ಬರಿದಾಗಿ ಉಳಿದದ್ದು ನೋಡಿ ಸಂಕಟವಾಯಿತು ಎಂದೆ. ಶಾರದೆ ಒಂದೊಂದೇ ಮಾತನ್ನು ಇಂಗ್ಲಿಷಿನಲ್ಲಿ ಹೇಳುತ್ತಾ ಬಂದಳು. "ನಾನು ಗಂಡ ಸತ್ತವಳು. ನನ್ನ ಮಗಳ ಪತ್ರಿಕೆಗೂ ನಾನು ಹಚ್ಚಲಿಲ್ಲ. ಅವತ್ತು ಮನೇಲಿ ಯಾರೂ ಇರಲಿಲ್ಲ, ಹಚ್ಚಿಬಿಟ್ಟೆ. ಅದು ನಿಮ್ಮದು ಅನ್ನೋದನ್ನ ಮರೆತೆ. ತಪ್ಪಾಯ್ತು" ಎಂದೆ.

ಶಾರದೆ ಅರ್ಧಕ್ಕೆ ನಿಂತಳು. ಕೈಚೀಲದ ಪಟ್ಟಿಯನ್ನು ಬಿಗಿಯಾಗಿ ಹಿಡಿದುಕೊಂಡಳು. ಆಮೇಲೆ ಮಾತಾಡಿದಳು, ನಾನು ಹೇಳಿದ್ದಕ್ಕಿಂತ ಬಹಳ ಉದ್ದವಾಗಿ. ಡೊರತಿಯವರು ಕೇಳಿದರು. ಗಾಜಿನ ಪೆಟ್ಟಿಗೆಯ ಕಡೆ ತಿರುಗಿ ಮೆಲ್ಲಗೆ ಒಂದು ಮಾತು ಹೇಳಿದರು.

"ಏನೂ ಮುಚ್ಚಿಡದೆ ಹೇಳು," ಎಂದೆ ಶಾರದೆಗೆ.

"ರಿಬ್ಬನ್ ಕಥೇನೇ ಚೆನ್ನಾಗಿತ್ತು ಅಂದ್ರು."

ಕಾರು ನಿಂತಿದ್ದ ಜಾಗ

ಆ ಕಾರ್ಡನ್ನು ಪ್ರದರ್ಶನಕ್ಕೆ ಇಡುವುದು ಬೇಡ ಎಂದು ಡೊರತಿಯವರೇ ಹೇಳಿದರು. ಎಲೆನಾ ಬೇಕಾದರೆ ನಡೆದದ್ದನ್ನು ನಡೆದ ಹಾಗೇ ಬರೆದು ಇಡೋಣ ಎಂದಳಂತೆ. ಅವರು ಒಪ್ಪಲಿಲ್ಲ. ಇದು ನನ್ನ ಅಜ್ಜಿಯ ಕಾಗದ, ಅವಳ ಕಥೆ ಹೇಳಲು ತಂದದ್ದು ಎಂದರಂತೆ. ನ್ಯಾಯವಾದ ಮಾತು. ಎಲೆನಾ ಅದನ್ನು ದಪ್ಪ ರಟ್ಟಿನ ಹಾಳೆಗಳ ಮಧ್ಯೆ ಇಟ್ಟು ಕಟ್ಟಿಕೊಟ್ಟಳು. ಬೀಸಣಿಗೆ, ಕರಪತ್ರ, ಗೇಲಿಯ ಅಂಚೆ ಕಾರ್ಡು, ರಿಬ್ಬನ್ನು ಎಲ್ಲವೂ ಪೆಟ್ಟಿಗೆಯೊಳಗೆ ಸೇರಿದವು. ನಾವು ಹೊರಡುವ ಹೊತ್ತಿಗೆ ಅವಳು ಅಕ್ಕಪಕ್ಕದ ಕಾಗದಗಳನ್ನು ಸ್ವಲ್ಪ ಸ್ವಲ್ಪ ಸರಿಸಿ ಖಾಲಿ ಜಾಗವನ್ನು ತುಂಬಿಬಿಟ್ಟಿದ್ದಳು. ಅಲ್ಲಿ ಒಂದು ಕಾರ್ಡು ಇರಬೇಕಿತ್ತು ಎಂದು ನೋಡಿದವರಿಗೆ ತಿಳಿಯುವಂತಿರಲಿಲ್ಲ.

ಡೊರತಿಯವರು ಎಲೆನಾಳೊಂದಿಗೆ ನಿಧಾನವಾಗಿ ಬರುತ್ತಿದ್ದರು. ನಾವಿಬ್ಬರೂ ಮುಂದೆ ಹೋಗಿ ಕಾರಿನ ಹತ್ತಿರ ನಿಂತೆವು.

"ಅಷ್ಟುದ್ದ ಏನು ಹೇಳ್ದೆ ಅವರಿಗೆ?" ಎಂದು ಕೇಳಿದೆ.

ಶಾರದೆ ಬೀಗದ ಕೈಯನ್ನು ತಿರುಗಿಸುತ್ತಾ ನಿಂತಳು. "ಲಲಿತನ ಮದುವೇಲಿ ಆ ಬಟ್ಟಲು ನನ್ನ ಕೈಲಿತ್ತು, ನಾನು ಹಚ್ಚಿದ್ದು ಅಂದೆ. ನಮ್ಮತ್ತಿಗೆ ಒಳಗಿದ್ರು, ನಾನು ಕರೀಲಿಲ್ಲ ಅಂದೆ."

"ನೀನು ಕರೆದಿದ್ರೂ ನಾನು ಬರ್ತಿರ್ಲಿಲ್ಲ ಬಿಡು."

"ಬರ್ತಿರ್ಲಿಲ್ಲ. ಆದ್ರೂ ಕರೀಬೋದಿತ್ತು ಅತ್ತಿಗೆ. ಇಲ್ಲಿ ಅಷ್ಟು ವರ್ಷ ಇದ್ದು ಬಂದಿದ್ದವಳು ನಾನು. ನಮ್ಮಮ್ಮ ಏನಂತಾರೋ ಅಂತ ಸುಮ್ನಾದೆ."

ಅವಳ ಹೆಗಲ ಮೇಲಿನ ದುಪಟ್ಟ ಸರಿಮಾಡಿದೆ.

ಅಷ್ಟರಲ್ಲಿ ಡೊರತಿಯವರು ಬಂದರು. ಒಂದು ಕೈಯಲ್ಲಿ ಕೋಲು, ಇನ್ನೊಂದು ಕೈಯಲ್ಲಿ ಆ ಕಟ್ಟು. ಕಾರಿನೊಳಗೆ ಕೂರಬೇಕಾದರೆ ಒಂದು ಕೈಯಿಂದ ಬಾಗಿಲು ಹಿಡಿಯಬೇಕು. ಎಲೆನಾ ತಾನು ಹಿಡಿಯುತ್ತೇನೆ ಎಂದು ಕೈ ನೀಡಿದಳು. ಶಾರದೆಯೂ ನೀಡಿದಳು. ನಾನು ಎರಡು ಹೆಜ್ಜೆ ಹಿಂದೆ, ಕೈಗಳನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡು ನಿಂತಿದ್ದೆ. ಡೊರತಿಯವರು ಅವರಿಬ್ಬರನ್ನೂ ನೋಡಿ, ಆಮೇಲೆ ನನ್ನ ಕಡೆ ಕಟ್ಟನ್ನು ಚಾಚಿದರು. ನಾನು ಅರ್ಥವಾಗದವಳಂತೆ ನಿಂತೇ ಇದ್ದೆ. ಅವರು ಚಾಚಿದ ಕೈ ಹಿಂದಕ್ಕೆ ತೆಗೆಯಲಿಲ್ಲ. ಸೆರಗಿನಿಂದ ಕೈ ಹೊರತೆಗೆದು ಕಟ್ಟನ್ನು ಇಸಿದುಕೊಂಡೆ.

ಅವರು ಕ್ಷಮಿಸಿ ಕೊಟ್ಟರೋ, ಇನ್ನೇನು ಕೆಡುವುದು ಉಳಿದಿದೆ ಎಂದು ಕೊಟ್ಟರೋ ಗೊತ್ತಿಲ್ಲ. ನಗಲಿಲ್ಲ. ಟೊರೆನ್ಸ್ ಮುಟ್ಟಿ ಅವರ ಮನೆಯ ಬಾಗಿಲಲ್ಲಿ ನಾನೇ ಹಿಂದಿರುಗಿಸುವವರೆಗೆ ಅದು ನನ್ನ ತೊಡೆಯ ಮೇಲಿತ್ತು. ಅಷ್ಟು ದೂರವೂ ಬೆರಳು ಒತ್ತದಂತೆ, ಎರಡು ಅಂಗೈಗಳ ಮೇಲೆ ಹಿಡಿದುಕೊಂಡೇ ಬಂದೆ.